ಸುಲಭೆಗೆ ಎಲ್ಲಿ ಜಾಗ?

ಮಹಾಭಾರತದ ಶಾಂತಿಪರ್ವದಲ್ಲಿ ಸುಲಭೆ ಎಂಬ ಸನ್ಯಾಸಿನಿ ಮಿಥಿಲೆಗೆ ಬರುತ್ತಾಳೆ. ಮುಕ್ತನೆಂದು ಹೆಸರಾದ ಜನಕರಾಜನನ್ನು ಪರೀಕ್ಷಿಸಲು ಯೋಗಬಲದಿಂದ ಅವನೊಳಗೇ ಹೊಗುತ್ತಾಳೆ. ರಾಜ ಕೆರಳುತ್ತಾನೆ. ನೀನು ಯಾರು, ಯಾರವಳು, ಹೆಣ್ಣಾಗಿ ಹೀಗೆ ಮಾಡಬಹುದೇ ಎಂದು ತುಂಬಿದ ಸಭೆಯಲ್ಲಿ ಜರೆಯುತ್ತಾನೆ. ತನ್ನನ್ನೂ ಪರರನ್ನೂ ಒಂದೇ ಎಂದು ಕಂಡವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಹುಟ್ಟಿದರೆ ಅವನಿನ್ನೂ ಮುಕ್ತನಲ್ಲ ಎಂಬುದು ಸುಲಭೆ ಕೊಡುವ ಉತ್ತರದ ಸಾರ. ಜನಕನಿಗೆ ಮರುಮಾತು ಹೊರಡುವುದಿಲ್ಲ.

ದುಬೈ, ಅಬುಧಾಬಿಯ ಬೋರ್ಡ್ ಗೇಮ್ ಮೇಜುಗಳ ಸುತ್ತಲೂ ಜನಕನ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಕೂತಿದೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಜಾತಿಯ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹೊತ್ತು, ಆ ಪಾತ್ರವಾಗಿಯೇ ಮಾತಾಡುತ್ತಾರೆ. ಸಂದಿಗ್ಧ ಬಂದಾಗ ದಾಳ ತೀರ್ಪು ಕೊಡುತ್ತದೆ. ಯಕ್ಷಗಾನದ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಅಲ್ಲೂ ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಹಾಡುವ ಭಾಗವತರು ಪದ ಎತ್ತುತ್ತಾರೆ, ಕೂತಲ್ಲೇ ಕೂತ ಅರ್ಥಧಾರಿ ಆ ಕ್ಷಣಕ್ಕೆ ಕರ್ಣನೋ ತಾರೆಯೋ ಆಗಿ ವಾದ ಹೂಡುತ್ತಾನೆ.

ದೇಹ ಬದಲಿಸದೆ ಇನ್ನೊಬ್ಬರಾಗುವ ಈ ಆಟದಲ್ಲಿ ಆಡುವವರು ಗಂಡೋ ಹೆಣ್ಣೋ ಎಂಬುದು ಲೆಕ್ಕಕ್ಕೇ ಬರಬಾರದು. ಆದರೆ ಬಂದಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದಾಗ ಅದರ ಮೊದಲ ಬಳಗ ಯುದ್ಧದ ಆಟಗಳನ್ನು ಆಡುತ್ತಿದ್ದ ಗಂಡಸರದು. 1978ರ ಆಟಗಾರರ ಕೈಪಿಡಿಯಲ್ಲಿ ಒಂದು ನಿಯಮವಿತ್ತು: ಮಾನವ ಯೋಧರ ಅಸಾಧಾರಣ ಬಲವನ್ನು ನೂರರ ಅಂಕದಲ್ಲಿ ಅಳೆಯುವಾಗ ಗಂಡು ಪಾತ್ರ 100ರವರೆಗೂ ಏರಬಹುದು, ಹೆಣ್ಣು ಪಾತ್ರ 50ಕ್ಕೇ ನಿಲ್ಲಬೇಕು. ಬೆಂಕಿಯುಗುಳುವ ಡ್ರ್ಯಾಗನ್, ಸತ್ತವರನ್ನು ಎಬ್ಬಿಸುವ ಮಂತ್ರ, ಎಲ್ಲಕ್ಕೂ ಎಡೆ ಕೊಟ್ಟ ಕಲ್ಪನೆ ಹೆಣ್ಣಿನ ತೋಳಿನ ಬಳಿ ಮಾತ್ರ ಮುಗ್ಗರಿಸಿತು. 1989ರ ಎರಡನೇ ಆವೃತ್ತಿಯಲ್ಲಿ ಆ ನಿಯಮ ಹೋಯಿತು. ಈಚಿನ ವರ್ಷಗಳಲ್ಲಿ ಆಟದ ಪ್ರಕಾಶಕರೇ ಹೇಳಿದಂತೆ ಆಟಗಾರರಲ್ಲಿ ಸುಮಾರು ಶೇಕಡಾ 40 ಮಂದಿ ಹೆಂಗಸರು.

ದುಬೈ, ಅಬುಧಾಬಿ ಸೇರಿದ ಎಮಿರೇಟ್ಸ್‌ನಲ್ಲಿ ಮೇಜಿನ ಸುತ್ತ ತಲೆ ಎಣಿಸುವುದಕ್ಕೆ ಮುಂಚೆ ಇನ್ನೊಂದು ಸಂಗತಿ ನೆನಪಿಡಬೇಕು. ಆ ದೇಶದ ಜನಸಂಖ್ಯೆಯಲ್ಲೇ ಮೂವರಲ್ಲಿ ಸುಮಾರು ಇಬ್ಬರು ಗಂಡಸರು. ಕಟ್ಟಡ ಕೆಲಸಕ್ಕೆಂದು ಒಂಟಿಯಾಗಿ ಬಂದವರು ಲಕ್ಷಾಂತರ. ಕುಟುಂಬವನ್ನು ಕರೆಸಿಕೊಳ್ಳಲು ನಿಗದಿತ ಸಂಬಳ ಬೇಕು. ಐವರ ಮೇಜಿನಲ್ಲಿ ಹೆಣ್ಣು ಒಬ್ಬಳೇ ಇದ್ದರೆ ಅದು ಆ ದೇಶದ ಅನುಪಾತದಿಂದ ಬಹಳ ದೂರವೇನಲ್ಲ. ಅಲ್ಲಿನ ಸರ್ಕಾರ 2015ರಲ್ಲಿ ಲಿಂಗ ಸಮತೋಲನ ಮಂಡಳಿಯನ್ನು ಸ್ಥಾಪಿಸಿತು, 2019ರಿಂದ 40 ಸದಸ್ಯರ ಫೆಡರಲ್ ರಾಷ್ಟ್ರೀಯ ಮಂಡಳಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಬಂತು. ರಾಷ್ಟ್ರೀಯ ಮಂಡಳಿಯಲ್ಲಿ ಎಣಿಕೆಗೆ ಅರ್ಥವಿದೆ. ಆಟದ ಮೇಜಿನಲ್ಲಿ ನ್ಯಾಯವನ್ನು ಎಣಿಕೆಯೊಂದರಿಂದಲೇ ಅಳೆಯಲಾಗದು. ಆ ಒಬ್ಬಳು ಯಾವ ಪಾತ್ರ ಹೊರಬಹುದು, ಕಥೆ ನಡೆಸುವ ಜಾಗ ಅವಳಿಗೆ ಎಂದಾದರೂ ಸಿಕ್ಕೀತೇ ಎಂಬುದನ್ನೂ ಕೇಳಬೇಕು.

ಕನ್ನಡ ಕರಾವಳಿಯ ಯಕ್ಷಗಾನದ ಅನುಭವ ಇಲ್ಲಿ ಬೆಳಕು ಕೊಡುತ್ತದೆ. 'ಭೀಷ್ಮವಿಜಯ' ಪ್ರಸಂಗದಲ್ಲಿ ಅಂಬೆಯ ಸಂಕಟವನ್ನು ಗಂಡಸರೇ ಆಡಿ ಸಭೆಯ ಕಣ್ಣು ತೇವಗೊಳಿಸಿದ್ದಾರೆ. ಅದು ದೊಡ್ಡ ಕಲೆ, ಸಂದೇಹವಿಲ್ಲ. ಆದರೆ ಗಂಡು ದ್ರೌಪದಿಯಾಗಲು ಒಪ್ಪಿದ ತತ್ತ್ವ, ಹೆಣ್ಣು ಭೀಮನಾಗಲು ಬಹುಕಾಲ ದಾರಿ ಬಿಡಲಿಲ್ಲ. ಆತ್ಮಕ್ಕೆ ಲಿಂಗವಿಲ್ಲ ಎಂದು ಹರಿಕಥೆ ಕೇಳಿ ತಲೆದೂಗಿದ ಸಮಾಜವೇ ಬಣ್ಣ ಹಚ್ಚುವ ಚೌಕಿಯ ಬಾಗಿಲಲ್ಲಿ ಜನಕನ ಪ್ರಶ್ನೆ ಕೇಳಿತು.

ಆ ತಡೆಯನ್ನು ಮುರಿದವರಲ್ಲಿ ಮುಖ್ಯರು ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯ. ಮದುವೆಯ ಬಳಿಕ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನ ಕಲಿತು, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದರು. ಅವರು ಗೆದ್ದ ಜಾಗ ಯಾವುದು ಎಂಬುದನ್ನು ಗಮನಿಸಬೇಕು. ಯಕ್ಷಗಾನದಲ್ಲಿ ಭಾಗವತರೇ ಮೊದಲ ವೇಷಧಾರಿ ಎಂಬ ಮಾತಿದೆ, ಹಾಡುತ್ತ ಆಟವನ್ನು ಆಡಿಸುವವರು ಅವರೇ. ರಂಗದ ಮೇಲೆ ಒಂದು ಸ್ತ್ರೀವೇಷ ಸಿಗುವುದಕ್ಕಿಂತ ಇದು ಎಷ್ಟೋ ದೊಡ್ಡ ಬದಲಾವಣೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ದುಬೈಯಲ್ಲಿ ಯಕ್ಷಗಾನ ಅಭ್ಯಾಸ ಕೇಂದ್ರವಿದೆ. ಅಲ್ಲಿ ಕನ್ನಡ, ತುಳು ಮನೆಗಳ ಹುಡುಗರ ಜೊತೆ ಹುಡುಗಿಯರೂ ಹೆಜ್ಜೆ ಕಲಿಯುತ್ತಾರೆ. ವಾರವಿಡೀ ಶಾಲೆ, ಆಫೀಸು ಮುಗಿಸಿ ರಜೆಯ ದಿನ ಗೆಜ್ಜೆ ಕಟ್ಟುವುದು ಸಣ್ಣ ಶ್ರದ್ಧೆಯಲ್ಲ. ಅದೇ ಮಕ್ಕಳ ತಲೆಮಾರಿಗೆ ದಾಳದ ಆಟವೂ ಹತ್ತಿರದ್ದು. ಇಂಥ ಆಟಗಳ ಅಭಿಮಾನಿಗಳೂ ಸೇರುವ, ದುಬೈಯಲ್ಲಿ 2012ರಲ್ಲಿ ಶುರುವಾದ ಮಿಡ್ಲ್ ಈಸ್ಟ್ ಫಿಲ್ಮ್ ಅಂಡ್ ಕಾಮಿಕ್ ಕಾನ್ ಮೇಳ 2022ರಿಂದ ಅಬುಧಾಬಿಯಲ್ಲಿ ನಡೆಯುತ್ತಿದೆ. ಯಕ್ಷಗಾನದಲ್ಲೂ ದಾಳದ ಆಟದಲ್ಲೂ ಕಲಿಯಬೇಕಾದ ವಿದ್ಯೆ ಒಂದೇ, ತಾನಲ್ಲದ್ದು ಆಗುವುದು.

ಆದ್ದರಿಂದ ಅಲ್ಲಿನ ಕನ್ನಡ ಸಂಘಗಳಿಗೆ, ಆಟದ ಬಳಗಗಳಿಗೆ ಒಂದು ವಿನಂತಿ. ಮುಂದಿನ ತಾಳಮದ್ದಲೆಯಲ್ಲಿ ಹುಡುಗಿಗೆ ಅಂಬೆಯನ್ನಷ್ಟೇ ಕೊಡಬೇಡಿ, ಭೀಷ್ಮನನ್ನೂ ಕೊಡಿ. ಭಾಗವತರ ಜಾಗಟೆಯನ್ನೂ ಅವಳ ಕೈಗಿಡಿ. ದಾಳದ ಮೇಜಿನಲ್ಲಿ ಕಥೆ ನಡೆಸುವ ಕುರ್ಚಿಯನ್ನು ಸರದಿಯಂತೆ ಅವಳಿಗೂ ಬಿಡಿ.