ಬಂದೂಕಿನ ಯಾವ ತುಂಡು ಬಂದೂಕು?

ಅಮೆರಿಕದಲ್ಲಿ ರೈಫಲ್ಲನ್ನು ಇಡಿಯಾಗಿಯೇ ಕೊಳ್ಳಬೇಕೆಂದಿಲ್ಲ. ಈ ತಿಂಗಳ ಸಂಬಳದಲ್ಲಿ ನಳಿಗೆ, ಬರುವ ತಿಂಗಳು ಟ್ರಿಗರ್, ಕ್ರಿಸ್‌ಮಸ್ಸಿಗೆ ಗುರಿ ನೋಡುವ ದುರ್ಬೀನು. ಹೀಗೆ ಬಿಡಿಬಿಡಿಯಾಗಿ ತರಿಸಿಕೊಂಡು, ಮೇಜಿನ ಮೇಲೆ ಹರಡಿಕೊಂಡು, ತನಗೆ ಬೇಕಾದ ಬಂದೂಕನ್ನು ಒಬ್ಬ ತಾನೇ ಕೂಡಿಸಿಕೊಳ್ಳಬಹುದು. ಬಹಳಷ್ಟು ರಾಜ್ಯಗಳಲ್ಲಿ ಈ ತುಂಡುಗಳು ಪಾರ್ಸೆಲ್ಲಿನಲ್ಲಿ ಮನೆ ಬಾಗಿಲಿಗೇ ಬರುತ್ತವೆ, ನಮ್ಮ ಮೇಷ್ಟ್ರುಗಳಿಗೆ ಪುಸ್ತಕ ಬಂದ ಹಾಗೆ. ನೀನ್ಯಾರು, ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ.

ಕೇಳುವುದು ಒಂದೇ ಒಂದು ತುಂಡಿಗೆ. ಟ್ರಿಗರ್ ಮತ್ತು ಅದರ ಕೀಲುಗಳು ಕೂರುವ ಒಂದು ಲೋಹದ ಗೂಡು ಇದೆ. ಅದರ ಹೆಸರು ಲೋವರ್ ರಿಸೀವರ್. ನಂಬರು ಕೊರೆದಿರುವುದು ಅದರ ಮೇಲೆ. ಅದನ್ನು ಅಂಗಡಿಯಲ್ಲಿ ಕೊಳ್ಳುವಾಗ ಅರ್ಜಿ ತುಂಬಬೇಕು, ಗುರುತಿನ ಚೀಟಿ ತೋರಿಸಬೇಕು, ಹಳೆಯ ಅಪರಾಧ ಇದೆಯೇ ಎಂದು ತಪಾಸಣೆ ಆಗಬೇಕು. ಯಾಕೆಂದರೆ 1968ರ ಬಂದೂಕು ನಿಯಂತ್ರಣ ಕಾಯಿದೆಯ ಕಣ್ಣಿಗೆ ಈ ಬಗೆಯ ರೈಫಲ್ಲಿನಲ್ಲಿ ಅದೊಂದೇ ಬಂದೂಕು. ಮಿಕ್ಕದ್ದೆಲ್ಲ ಬರೀ ಸಾಮಾನು.

ಗೆಳೆಯರು ಕೇಳಬಹುದು: "ಏನ್ರಪ್ಪಾ, ನಮ್ಮ ಕೇರಿಗೆ ಕುಡಿಯೋ ನೀರಿಗೆ ಗತಿ ಇಲ್ಲ, ನೀವು ಅಮೆರಿಕದ ಬಂದೂಕು ಬಿಚ್ಚಿಕೊಂಡು ಕೂತಿದ್ದೀರಲ್ಲ?" ನ್ಯಾಯವಾದ ಮಾತು. ಆದರೆ ಯಾವ ತುಂಡು ಬಂದೂಕು ಎನ್ನುವ ಈ ಪ್ರಶ್ನೆ ಬರೀ ಕಬ್ಬಿಣದ ಪ್ರಶ್ನೆಯಲ್ಲ. ಕೊಲೆಯೊಂದನ್ನು ಹತ್ತು ಜನ ಹಂಚಿಕೊಂಡು ಮಾಡಿದರೆ ಕೊಲೆಗಾರ ಯಾರು ಎನ್ನುವ ಪ್ರಶ್ನೆ ಅದು. ಅದಕ್ಕೆ ಉತ್ತರ ಕಾಣದೆ ಕೋರ್ಟಿನ ಮೆಟ್ಟಿಲಿನಿಂದ ಬರಿಗೈಯಲ್ಲಿ ಇಳಿದು ಬಂದವರು ನಮ್ಮ ಜನ. ಆದ್ದರಿಂದ ಇದು ನಮ್ಮ ಪ್ರಶ್ನೆಯೂ ಹೌದು.

ಮೊದಲು ಈ ರೈಫಲ್ಲು ಎಲ್ಲಿಂದ ಬಂತು ನೋಡೋಣ. ಎಆರ್-15 ಅನ್ನುವುದರಲ್ಲಿ ಎಆರ್ ಅಂದರೆ ಆರ್ಮಲೈಟ್ ಎಂಬ ಕಂಪನಿಯ ಹೆಸರು. 1950ರ ದಶಕದಲ್ಲಿ ಅಲ್ಲಿ ಯೂಜೀನ್ ಸ್ಟೋನರ್ ಎಂಬ ಇಂಜಿನಿಯರು ಇದನ್ನು ರೂಪಿಸಿದ. 1959ರಲ್ಲಿ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಇದೇ ಬಂದೂಕು ಎಂ-16 ಎಂಬ ಹೆಸರಿನಲ್ಲಿ ವಿಯೆಟ್ನಾಮಿನ ಬಡ ರೈತರ ಎದೆಗೆ ಗುರಿಯಿಟ್ಟಿತು. 1964ರಲ್ಲಿ ಜನಸಾಮಾನ್ಯರಿಗೆಂದು ಸೆಮಿ ಆಟೊಮ್ಯಾಟಿಕ್ ಮಾದರಿ ಪೇಟೆಗೆ ಬಂತು. ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಮುಂದಿನ ಗುಂಡು ತಾನಾಗಿ ಬಂದು ಕೂತಿರುತ್ತದೆ. 1977ರಲ್ಲಿ ಪೇಟೆಂಟು ಮುಗಿಯಿತು. ಯಾವ ಕಾರ್ಖಾನೆ ಬೇಕಾದರೂ ಅದೇ ಅಳತೆಯ ತುಂಡು ಮಾಡಬಹುದಾಯಿತು, ಒಂದು ಕಂಪನಿಯ ನಳಿಗೆ ಇನ್ನೊಂದು ಕಂಪನಿಯ ಗೂಡಿಗೆ ಕೂರುವಂತಾಯಿತು. ಬಿಡಿಭಾಗದ ದೊಡ್ಡ ಸಂತೆ ಬೆಳೆದದ್ದು ಹೀಗೆ. ಈ ಬಗೆಯ ರೈಫಲ್ಲುಗಳು ಅಮೆರಿಕದಲ್ಲಿ ಎರಡು ಕೋಟಿಗೂ ಹೆಚ್ಚಿವೆ ಎಂದು 2022ರಲ್ಲಿ ಆ ಉದ್ಯಮದವರೇ ಹೆಮ್ಮೆಯಿಂದ ಹೇಳಿಕೊಂಡಿದ್ದರು.

ತುಂಡು ಕೂಡಿಸುವವರೆಲ್ಲ ರಾಕ್ಷಸರು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಸುಳ್ಳಾದೀತು. ಎಡಗೈಯವನಿಗೆ ಎಡಗೈಗೆ ಒಗ್ಗುವ ಸಾಮಾನು ಬೇಕು. ಗಿಡ್ಡ ಹೆಂಗಸಿಗೆ ಹೆಗಲಿಗೆ ಸರಿಹೊಂದುವ ಹಿಂಬದಿ ಬೇಕು. ಬೆಳೆ ತಿನ್ನುವ ಹಂದಿ ಹೊಡೆಯುವವನಿಗೆ ಒಂದು ಬಗೆಯ ದುರ್ಬೀನು, ಪಂದ್ಯದಲ್ಲಿ ಗುರಿ ಹೊಡೆಯುವವನಿಗೆ ಇನ್ನೊಂದು ಬಗೆಯದು ಬೇಕು. ಕೈಯಿಂದ ಒಂದನ್ನು ಕೂಡಿಸುವುದರಲ್ಲಿ ಸುಖವಿದೆ. ಸೈಕಲ್ಲು ಬಿಚ್ಚಿ ಜೋಡಿಸಿದವರಿಗೆ, ಕುಡುಗೋಲಿಗೆ ಹಿಡಿ ಹಾಕಿಕೊಂಡವರಿಗೆ ಅದು ಗೊತ್ತು.

ಆದರೆ ನಮ್ಮ ಊರ ಕುಲುಮೆಯನ್ನು ನೆನೆಯಿರಿ. ಮಚ್ಚಿಗೆ ಹಿಡಿ ಹಾಕಿಸಲು ಹೋದರೆ ಕಮ್ಮಾರ ಮೊದಲು ಮುಖ ನೋಡುತ್ತಾನೆ. "ಯಾತಕ್ಕಪ್ಪಾ ಇದು?" ಅನ್ನುತ್ತಾನೆ. ಕಾಯಿ ಕೆತ್ತಲಿಕ್ಕೆ, ಸೌದೆಗೆ, ಬೇಲಿ ಸವರಲಿಕ್ಕೆ, ಏನೋ ಒಂದು ಉತ್ತರ ಕೊಡಬೇಕು. ಕಮ್ಮಾರ ದೇವರೇನಲ್ಲ, ಅವನಿಗೂ ಸುಳ್ಳು ಹೇಳಬಹುದು. ಆದರೂ ಆ ಪ್ರಶ್ನೆ ಅಲ್ಲಿ ಇದೆ. ಆಯುಧ ಮಾಡುವವನಿಗೂ ಆಯುಧಕ್ಕೂ ನಡುವೆ ಒಂದು ಮಾತು ಉಳಿದಿದೆ. ಅಮೆರಿಕದ ಸಂತೆ ತೆಗೆದುಹಾಕಿದ್ದು ಈ ಮಾತನ್ನು. ನಿನಗೆ ಯಾವ ಬಣ್ಣ ಬೇಕು, ಯಾವ ಉದ್ದ ಬೇಕು ಎಂದು ಕ್ಯಾಟಲಾಗು ಕೇಳುತ್ತದೆ. ಯಾತಕ್ಕೆ ಎಂದು ಕೇಳುವುದಿಲ್ಲ.

ಮಾತು ಹೋದ ಮೇಲೆ ಕಾನೂನಿಗೂ ತುಂಡು ಎಣಿಸುವ ಕೆಲಸವೇ ಉಳಿಯಿತು. 1994ರಲ್ಲಿ ಅಲ್ಲಿನ ಸರ್ಕಾರ ಇಂಥ ಹಲವು ರೈಫಲ್ಲುಗಳನ್ನು ನಿಷೇಧಿಸಿತು. ಹೇಗೆ? ಪಿಸ್ತೂಲಿನಂಥ ಹಿಡಿ ಇದೆಯೇ, ಮಡಚುವ ಹಿಂಬದಿ ಇದೆಯೇ, ಬಾಯೊನೆಟ್ಟು ಸಿಕ್ಕಿಸುವ ಕೊಕ್ಕೆ ಇದೆಯೇ ಅಂತ ಲೆಕ್ಕ ಹಾಕಿ. ಕಾರ್ಖಾನೆಯವರು ಕೊಕ್ಕೆ ಕಿತ್ತುಹಾಕಿ ಮಿಕ್ಕದ್ದನ್ನು ಮಾರಿದರು. 2004ರಲ್ಲಿ ಆ ನಿಷೇಧದ ಅವಧಿಯೂ ಮುಗಿಯಿತು. 2017ರ ಅಕ್ಟೋಬರ್ 1ರಂದು ಲಾಸ್ ವೇಗಾಸ್‌ನಲ್ಲಿ ಹಾಡು ಕೇಳುತ್ತಿದ್ದ ಜನರ ಮೇಲೆ ಒಬ್ಬ ಗುಂಡಿನ ಮಳೆ ಸುರಿಸಿದ. 60 ಜನ ಸತ್ತರು. ಸೆಮಿ ಆಟೊಮ್ಯಾಟಿಕ್ ರೈಫಲ್ಲು ಮಷಿನ್‌ಗನ್ನಿನ ವೇಗದಲ್ಲಿ ಹಾರಿಸುವಂತೆ ಮಾಡುವ ಬಂಪ್ ಸ್ಟಾಕ್ ಎಂಬ ತುಂಡನ್ನು ಅವನು ಕೊಂಡಿದ್ದ. ಸರ್ಕಾರ ಆ ತುಂಡನ್ನು ನಿಷೇಧಿಸಿತು. 2024ರಲ್ಲಿ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ನಿಷೇಧವನ್ನು ತೆಗೆದುಹಾಕಿತು. ಆ ತೀರ್ಪು ನಿಂತದ್ದು ಒಂದು ಎಳೆತಕ್ಕೆ ಟ್ರಿಗರ್ ಒಳಗೆ ಎಷ್ಟು ಸಲ ಕದಲುತ್ತದೆ ಎಂಬ ಲೆಕ್ಕದ ಮೇಲೆ. ಸತ್ತವರ ಲೆಕ್ಕ ಅಲ್ಲಿ ಬರಲಿಲ್ಲ.

ನ್ಯಾಯಕ್ಕೆ ಇನ್ನೊಂದನ್ನೂ ಹೇಳಬೇಕು. ನಂಬರಿಲ್ಲದ ಅರೆಬರೆ ತುಂಡುಗಳ ಕಿಟ್ಟು ಮಾರಿ ಬಂದೂಕು ಮಾರಿಲ್ಲ ಎನ್ನುತ್ತಿದ್ದವರನ್ನು ಹಿಡಿಯಲು 2022ರಲ್ಲಿ ಅಲ್ಲಿನ ಸರ್ಕಾರ ನಿಯಮ ಮಾಡಿತು. 2025ರ ಮಾರ್ಚಿಯಲ್ಲಿ ಅದೇ ಕೋರ್ಟು 7-2ರಿಂದ ಆ ನಿಯಮವನ್ನು ಎತ್ತಿಹಿಡಿಯಿತು. ಕೂಡಿಸಿದರೆ ಬಂದೂಕಾಗುವುದು ಕೂಡಿಸುವ ಮುಂಚೆಯೂ ಬಂದೂಕಾಗಿರಬಹುದು ಎಂದು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯಿದೆಯಂತೂ ಆಯುಧದ ಬಿಡಿಭಾಗವನ್ನೂ ಆಯುಧವೆಂದೇ ಎಣಿಸುತ್ತದೆ.

ಈಗ ಬಫಲೋ ನಗರಕ್ಕೆ ಬನ್ನಿ. 2022ರ ಮೇ 14. ಹದಿನೆಂಟು ವರ್ಷದ ಒಬ್ಬ ಬಿಳಿಯ ಹುಡುಗ ಕಪ್ಪು ಜನ ಹೆಚ್ಚಾಗಿರುವ ಬಡಾವಣೆಯನ್ನು ಹುಡುಕಿ ಆರಿಸಿಕೊಂಡ. ಅಲ್ಲಿನ ದಿನಸಿ ಅಂಗಡಿಯಲ್ಲಿ ಹತ್ತು ಕಪ್ಪು ಜನರನ್ನು ಕೊಂದ. ಅವನ ರೈಫಲ್ಲು ಕಾನೂನಿನಂತೆಯೇ ಕೊಂಡದ್ದು. ಮ್ಯಾಗಜೀನು ಬದಲಾಯಿಸಲು ಬಾರದಂತೆ ಅದಕ್ಕೊಂದು ಬೀಗದ ತುಂಡು ಹಾಕಿದ್ದರು, ಅದೂ ಕಾನೂನಿನಂತೆ. ಅವನು ಆ ತುಂಡನ್ನು ತೆಗೆದುಹಾಕಿದ. ಆಮೇಲೆ ಬಂದೂಕಿನ ಮೈಮೇಲೆ ಕಪ್ಪು ಜನರನ್ನು ಹೀಗಳೆಯುವ ಬೈಗುಳ ಬರೆದ.

ಇಲ್ಲಿ ಯಾವ ತುಂಡು ಬಂದೂಕು? ಅಂಗಡಿಯವನು ಹೇಳುತ್ತಾನೆ: ನಾನು ಮಾರಿದ್ದು ಕಾಯಿದೆಯ ಪ್ರಕಾರ. ಬೀಗ ಮಾಡಿದವನು ಹೇಳುತ್ತಾನೆ: ನಾನು ಮಾಡಿದ್ದು ಬೀಗ. ನಳಿಗೆ ಮಾಡಿದವನದು ಕೊಳವೆ, ಗುಂಡು ಮಾಡಿದವನದು ತಾಮ್ರ ಮತ್ತು ಸೀಸ. ಆಯುಧದವರ ಮೇಲೆ ಬಹುತೇಕ ದಾವೆಗಳು ನಿಲ್ಲದಂತೆ 2005ರಲ್ಲೇ ಅವರಿಗೊಂದು ಕಾಯಿದೆಯ ರಕ್ಷಣೆ ಸಿಕ್ಕಿದೆ. ಹೀಗೆ ತುಂಡಾಗಿರುವುದು ಬಂದೂಕು ಮಾತ್ರವಲ್ಲ, ಪಾಪವೂ ತುಂಡಾಗಿದೆ. ತುಂಡಾದ ಪಾಪ ಎಷ್ಟು ಹಗುರವೆಂದರೆ ಹೊತ್ತವನಿಗೆ ಹೊತ್ತದ್ದೇ ಗೊತ್ತಾಗುವುದಿಲ್ಲ.

ಮತ್ತು ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಒಂದು ತುಂಡಿತ್ತು. ಎದುರಿಗಿರುವವನು ಮನುಷ್ಯನಲ್ಲ ಎಂಬ ನಂಬಿಕೆ. ಅದು ಕೂರುವತನಕ ಮಿಕ್ಕ ತುಂಡುಗಳು ಕಬ್ಬಿಣವೇ. ಹುಡುಗ ಅದನ್ನೂ ಬಿಡಿಬಿಡಿಯಾಗಿಯೇ ಕೂಡಿಸಿಕೊಂಡಿದ್ದ, ಓದಿದ್ದರಿಂದ, ಕೇಳಿದ್ದರಿಂದ, ನಕ್ಕ ನಗೆಗಳಿಂದ.

ಹಾಗಾದರೆ ಬಂದೂಕು ತುಳಿತಕ್ಕೊಳಗಾದವರ ಕೈಗೆ ಬಂದರೆ? ಈ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವಂತಿಲ್ಲ. ಹಿಂದೆ ಪೊಲೀಸರನ್ನು ಇಟ್ಟುಕೊಂಡು ಅಹಿಂಸೆ ಬೋಧಿಸುವುದು ಸುಲಭ. ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧವನ್ನೂ ಅಕ್ಷರವನ್ನೂ ಕಿತ್ತುಕೊಂಡಿತು, ಅದಕ್ಕೇ ಈ ದೇಶದಲ್ಲಿ ಸಾಮಾಜಿಕ ಕ್ರಾಂತಿ ಆಗಲಿಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಅಮೆರಿಕದಲ್ಲೂ ಅದೇ ಕತೆ. ಕಪ್ಪು ಜನರನ್ನು ಪೌರರೆಂದು ಒಪ್ಪಿದರೆ ಅವರು ಆಯುಧ ಹಿಡಿದು ಓಡಾಡಿಯಾರು ಎಂಬುದನ್ನೂ 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಟ್ಯಾನಿ ಒಂದು ಕಾರಣವಾಗಿ ಕೊಟ್ಟ. 1967ರ ಮೇ ತಿಂಗಳಲ್ಲಿ ಬ್ಲ್ಯಾಕ್ ಪ್ಯಾಂಥರ್‌ಗಳು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಹೋದರು. ಅದೇ ವರ್ಷ ತುಂಬಿದ ಬಂದೂಕನ್ನು ಬಹಿರಂಗವಾಗಿ ಹಿಡಿಯದಂತೆ ಮಾಡುವ ಕಾಯಿದೆಗೆ ಗವರ್ನರ್ ರೇಗನ್ ಸಹಿ ಹಾಕಿದ. ಆ ಪ್ಯಾಂಥರ್‌ಗಳ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ತಮ್ಮ ಸಂಘಟನೆಗೆ ಇಟ್ಟುಕೊಂಡರು. ಅವರು ಹಿಡಿದದ್ದು ಹೆಚ್ಚಾಗಿ ಪೆನ್ನು.

2016ರಲ್ಲಿ ಮಿನ್ನೆಸೋಟಾದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಕಪ್ಪು ಮನುಷ್ಯನ ಕಾರನ್ನು ಪೊಲೀಸರು ನಿಲ್ಲಿಸಿದರು. ಅವನ ಬಳಿ ಪರವಾನಗಿ ಇರುವ ಪಿಸ್ತೂಲಿತ್ತು. ಇದೆ ಸಾರ್, ಎಂದು ಅವನೇ ಮರ್ಯಾದೆಯಿಂದ ತಿಳಿಸಿದ. ಕ್ಷಣದಲ್ಲಿ ಗುಂಡು ಹಾರಿಸಿ ಕೊಂದರು. ಕೊಂದ ಪೊಲೀಸಿನವನು ಮರುವರ್ಷ ನಿರ್ದೋಷಿಯಾಗಿ ಹೊರಬಂದ. ಬಂದೂಕು ಮನುಷ್ಯನನ್ನು ಸಮ ಮಾಡುತ್ತದೆ ಎನ್ನುವವರು ಇದಕ್ಕೆ ಉತ್ತರ ಕೊಡಲಿ. ಅದೇ ಕಬ್ಬಿಣ ಒಬ್ಬನ ಕೈಯಲ್ಲಿ ಹಕ್ಕು, ಇನ್ನೊಬ್ಬನ ಕೈಯಲ್ಲಿ ಮರಣದಂಡನೆ. ನಮ್ಮಲ್ಲೇ ನೋಡಿ: ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೆಲವು ಬಗೆಯ ಬಂದೂಕುಗಳಿಗೆ ಲೈಸೆನ್ಸು ಬೇಡ. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ಅಲ್ಲೇ ಕಾಫಿ ತೋಟದಲ್ಲಿ ದುಡಿಯುವ ಯರವನಿಗೆ ಲೈಸೆನ್ಸು ಬೇಕು. ಹುಟ್ಟು ಮತ್ತು ಭೂಮಿ ಬಂದೂಕಿಗಿಂತ ಮೊದಲೇ ತೀರ್ಪು ಕೊಟ್ಟಿರುತ್ತವೆ. ಘನತೆ ಇಲ್ಲದವನಿಗೆ ಬಂದೂಕು ಘನತೆ ತಂದುಕೊಡುವುದಿಲ್ಲ. ಯಾರ ಕೈ ಎಂಬುದೇ ಅದು ಹಕ್ಕೋ ಅಪರಾಧವೋ ಎಂದು ತೀರ್ಮಾನಿಸುತ್ತದೆ.

ಇನ್ನು ಕೊಲ್ಲುವುದಕ್ಕೆ ಬಂದೂಕೇ ಬೇಕೆಂದೂ ಇಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಹೊರಗಿನಿಂದ ಬಾಗಿಲು ಹಾಕಿದರು, ಬೆಂಕಿ ಇಟ್ಟರು. ಚಿಲಕ, ಕಡ್ಡಿಪೆಟ್ಟಿಗೆ: ಎಲ್ಲವೂ ಎಲ್ಲರ ಮನೆಯಲ್ಲಿರುವ ಸಾಮಾನು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಅಲ್ಲೂ ಯಾವ ತುಂಡೂ ಆಯುಧವಾಗಲಿಲ್ಲ. ಆದರೆ ಬಫಲೋದಲ್ಲಿದ್ದ ಆ ಒಂದು ತುಂಡು, ಎದುರಿಗಿರುವವನು ಮನುಷ್ಯನಲ್ಲ ಎಂಬ ನಂಬಿಕೆ, ಇಲ್ಲಿಯೂ ಇತ್ತು. ಅದನ್ನು ಯಾರೂ ಪಾರ್ಸೆಲ್ಲಿನಲ್ಲಿ ತರಿಸಬೇಕಾಗಿರಲಿಲ್ಲ. ಊರಿನಲ್ಲೇ ತಯಾರಾಗಿತ್ತು. ಹೋಟೆಲಿನವನು ಬೇರೆ ಲೋಟ ಇಟ್ಟು ಒಂದು ಭಾಗ ಕೊಡುತ್ತಾನೆ. ಬಿಸಿಯೂಟದ ಸಾಲು ಬೇರೆಯಾದದ್ದನ್ನು ಕಂಡೂ ಸುಮ್ಮನಿರುವ ಮೇಷ್ಟ್ರು ಒಂದು ಭಾಗ, ದೂರು ಬರೆದುಕೊಳ್ಳದ ರೈಟರು ಒಂದು ಭಾಗ.

ಆದ್ದರಿಂದ ನಾವು ಕೇಳುವುದು ಇಷ್ಟೇ. ಕಾಯಿದೆ ಒಂದು ತುಂಡನ್ನು ಬಂದೂಕೆಂದು ಕರೆಯಲಿ, ಎಲ್ಲವನ್ನೂ ಕರೆದರೆ ಇನ್ನೂ ಒಳ್ಳೆಯದು. ಆದರೆ ನೀತಿಗೆ ಆ ಲೆಕ್ಕ ಸಾಲದು. ನಾನು ಕೊಟ್ಟದ್ದು ಬರೀ ಚಿಲಕ, ಬರೀ ಕೊಳವೆ, ಬರೀ ಮೌನ ಎಂದು ಹೇಳಿ ಕೈ ತೊಳೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ, ನಮಗೂ ಇಲ್ಲ. ಏನನ್ನಾದರೂ ಮಾಡುವ ಮೊದಲು, ಮಾರುವ ಮೊದಲು, ಕಂಡೂ ಸುಮ್ಮನಿರುವ ಮೊದಲು, ಕುಲುಮೆಯ ಹೊಗೆಯಲ್ಲಿ ಕೂತ ಆ ಕಮ್ಮಾರನ ಮಾತನ್ನು ಒಮ್ಮೆ ನಮಗೆ ನಾವೇ ಕೇಳಿಕೊಳ್ಳೋಣ.

"ಯಾತಕ್ಕಪ್ಪಾ ಇದು?"