ಅರಿಯದ ಕೂಸಿಗೆ ದಂಡನೆಯು ನ್ಯಾಯವೋ?

ಕೂಸು ಚಾಪೆಯನ್ನು ಒದ್ದೆಮಾಡಿದ್ದಕ್ಕಾಗಿ ಅದನ್ನು ಹೊಡೆಯುವದು ನ್ಯಾಯವೋ ಎಂದು ಕೇಳಿದರೆ ಕೆಲವರು ನಕ್ಕಾರು. ಆದರೆ ಅಪರಾಧವೆಂದರೇನು, ಅದರ ಹೊಣೆಯು ಯಾರದು ಎಂಬ ದೊಡ್ಡ ವಿಚಾರವು ಈ ಚಿಕ್ಕ ಸಂಗತಿಯಲ್ಲಿ ಅಡಗಿರುತ್ತದೆ.

ಸಕಲೇಶಪುರ, ಆಲೂರು ಸೀಮೆಯ ತಾಯಂದಿರ ಕಷ್ಟವು ಅಲ್ಪವಲ್ಲ. ಮಳೆಗಾಲದಲ್ಲಿ ಬಟ್ಟೆಗಳನ್ನು ಒಲೆಯ ಮೇಲ್ಗಡೆ ಕಟ್ಟಿ ಒಣಗಿಸಬೇಕು. ಕೂಸನ್ನು ಹೊರಗೆ ಕರೆದೊಯ್ದರೆ ಇಂಬಳಗಳ ಕಾಟ. ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಿಯು ಬೆಳಿಗ್ಗೆಯೇ ತೋಟಕ್ಕೆ ಹೋದರೆ ಕೂಸು ಅಜ್ಜಿಯ ಪಾಲಿಗೆ ಬರುತ್ತದೆ. ದಣಿದವರ ಕೈ ಬೇಗನೆ ಏಳುವದು. ಬರೆ ಹಾಕುವೆನೆಂದು ಬೆದರಿಸುವವರೂ ಉಂಟು.

ಆದರೂ ನ್ಯಾಯದ ಮಾತು ಒಂದೇ. ಮಾಡಬಲ್ಲವನು ಮಾಡದೆ ಹೋದರೆ ತಪ್ಪಾಗುವದು. ಮಾಡಲಾರದವನು ಮಾಡದೆ ಹೋದರೆ ಅದು ತಪ್ಪೆನಿಸದು. ಹೆಚ್ಚಿನ ಮಕ್ಕಳಲ್ಲಿ ಮಲಮೂತ್ರಗಳನ್ನು ಅರಿತು ತಡೆಯುವ ಶಕ್ತಿಯು 18 ತಿಂಗಳಿಂದ 3 ವರುಷಗಳ ನಡುವೆ ಬೆಳೆಯುತ್ತದೆ. ರಾತ್ರಿಯ ಹಿಡಿತವು ಇನ್ನೂ ತಡವಾಗಿ ಬರುವದು. 5 ವರುಷದೊಳಗಿನ ಕೂಸು ಹಾಸಿಗೆಯನ್ನು ಒದ್ದೆಮಾಡಿದರೆ ವೈದ್ಯರು ಅದನ್ನು ರೋಗವೆಂದು ಎಣಿಸುವದಿಲ್ಲ. ಅಮೇರಿಕದ ವೈದ್ಯರಾದ ಬ್ರೇಜಲ್ಟನ್ ಎಂಬವರು 1,170 ಮಕ್ಕಳ ವೃತ್ತಾಂತವನ್ನು ಪರಿಶೀಲಿಸಿ, ಕೂಸು ಸಿದ್ಧವಾದ ಮೇಲೆಯೇ ಕಲಿಸತಕ್ಕದ್ದೆಂದು 1962ರಲ್ಲಿ ಬರೆದರು.

“ನಮ್ಮ ಅಜ್ಜಿಯರು ಕೆಲವೇ ತಿಂಗಳ ಕೂಸನ್ನು ಪಾದಗಳ ಮೇಲೆ ಕೂರಿಸಿ, ಸ್ಸ್ ಎಂದು ಸದ್ದುಮಾಡಿ ಕಲಿಸಲಿಲ್ಲವೋ?” ಎಂದು ಕೇಳುವವರಿದ್ದಾರೆ. ಹೌದು, ಅದು ಒಳ್ಳೇ ರೂಢಿಯೇ. ಆದರೆ ಅಲ್ಲಿ ಮೊದಲು ಕಲಿತವರು ಯಾರು? ಕೂಸಿನ ಮುಖವನ್ನು ನೋಡಿ ಅದರ ವೇಳೆಯನ್ನು ಅರಿತುಕೊಂಡ ಅಜ್ಜಿಯೇ. ಎಚ್ಚರವು ಅವಳದು, ಆದಕಾರಣ ಏಟಿಗೆ ಅಲ್ಲಿ ಸ್ಥಳವಿರಲಿಲ್ಲ.

ಹೊಡೆತವು ಅನ್ಯಾಯವಾದದ್ದು ಮಾತ್ರವಲ್ಲ, ನಿಷ್ಫಲವೂ ಆಗಿದೆ. ಹೆದರಿದ ಕೂಸು ಮಲವನ್ನು ತಡೆಹಿಡಿಯುತ್ತದೆ. ತಡೆದ ಮಲವು ಗಟ್ಟಿಯಾಗಿ ನೋಯಿಸುತ್ತದೆ. ನೊಂದ ಕೂಸು ಮತ್ತಷ್ಟು ತಡೆಯುತ್ತದೆ. ಕಡೆಗೆ ಅದು ಬಾಗಿಲ ಹಿಂದೆ ಅಡಗಿ ಕೂತುಕೊಳ್ಳಲು ಕಲಿಯುವದೇ ಹೊರತು ಶೌಚವನ್ನು ಕಲಿಯದು.

ಹಾಗಾದರೆ ಸುಮ್ಮನಿರಬಹುದೋ? ಕೂಡದು. ಕೂಸಿನ ಮಲವು ನಿರಪಾಯವೆಂಬದು ಸುಳ್ಳು ನಂಬಿಕೆ. ಅದರಲ್ಲಿಯೂ ಭೇದಿಯ ಬೀಜಗಳು ಇರುತ್ತವೆ. ಇಳಿಜಾರಿನ ಈ ನಾಡಿನಲ್ಲಿ ಹಿತ್ತಲಲ್ಲಿ ಎಸೆದದ್ದನ್ನು ಮಳೆಯು ಹಳ್ಳಕ್ಕೂ, ಹಳ್ಳವು ಹೇಮಾವತಿಗೂ ಒಯ್ಯುವದು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಮನೆಯ ಪಾಯಿಖಾನೆಗೆ 12,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದರು. ಪಾಯಿಖಾನೆಯನ್ನು ಕಟ್ಟಿಸಿ ಅದರಲ್ಲಿ ಸೌದೆಯನ್ನು ತುಂಬಿ, ಹಿರಿಯರೇ ಪೊದೆಯ ಮರೆಗೆ ಹೋದರೆ ಕೂಸು ಯಾರನ್ನು ನೋಡಿ ಕಲಿಯಬೇಕು? ಬಲ್ಲವನು ಮಾಡದ ತಪ್ಪು ಇಲ್ಲಿಯೇ ಇದೆ.

ಈ ಹೊಣೆಯು ತಾಯಿಯೊಬ್ಬಳದೇ ಅಲ್ಲ. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೋಣೆಯಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತು. ದೂರದ ಕಾಯಿದೆಯು ಕೂಸನ್ನು ನೆನೆದಿರಲಾಗಿ, ಪಕ್ಕದಲ್ಲಿ ಮಲಗುವ ತಂದೆಯು ಮರೆಯಬಹುದೋ?

ಆದಕಾರಣ ಹೀಗೆ ಮಾಡಿರಿ. ಕೂಸು ಎರಡು ತಾಸು ಒಣಗಿದ್ದರೆ, ತನ್ನ ಅವಸರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಿದರೆ, ಕಾಲ ಬಂತೆಂದು ತಿಳಿಯಿರಿ. ಎದ್ದ ಕೂಡಲೇ ಮತ್ತು ಊಟವಾದ ಮೇಲೆ ಕೆಲವು ನಿಮಿಷ ಕೂರಿಸಿರಿ. ದೊಡ್ಡವರ ಪಾಯಿಖಾನೆಯಲ್ಲಿ ಬೀಳುವೆನೆಂದು ಹೆದರಿದರೆ ಕೈಹಿಡಿದು ನಿಲ್ಲಿರಿ, ಇಲ್ಲವೆ ಚಿಕ್ಕ ಪಾತ್ರೆಯಲ್ಲಿ ಕೂರಿಸಿ ಅದನ್ನು ಪಾಯಿಖಾನೆಯಲ್ಲಿಯೇ ಚೆಲ್ಲಿರಿ. ಬಳಿಕ ಕೂಸಿನ ಕೈಯನ್ನೂ ನಿಮ್ಮ ಕೈಯನ್ನೂ ಸಾಬೂನಿನಿಂದ ತೊಳೆಯಿರಿ. ತಪ್ಪಿಹೋದ ದಿನ ಬೈಯದೆ ಒರಸಿಬಿಡಿರಿ.

ಒದ್ದೆಯಾದ ಚಾಪೆಯು ಬಿಸಿಲು ಬಂದಾಗ ಒಣಗುವದು. ತನ್ನಿಂದಾಗದ್ದಕ್ಕೆ ಏಟು ತಿಂದ ಕೂಸಿನ ಮನಸ್ಸು ಅಷ್ಟು ಬೇಗನೆ ಒಣಗದು.