ಕಪ್ಪು ಯಾರ ಗುಣ?

ಬಣ್ಣವಿಲ್ಲದ ಪಾಲಿಎಥಿಲೀನಿಗೆ ಕಾರ್ಬನ್ ಬ್ಲ್ಯಾಕ್ ಬೆರೆಸಿದಾಗ ಕಪ್ಪಾಗುವುದು ಪ್ಲಾಸ್ಟಿಕ್ಕೋ, ಅದರೊಳಗಿನ ಪುಡಿ ಮಾತ್ರವೋ? ಬಣ್ಣ ಎಲ್ಲಿ ನೆಲೆಸುತ್ತದೆ ಎಂಬುದು ಭಾರತೀಯ ತರ್ಕಶಾಸ್ತ್ರದ ಹಳೆಯ ಜಗಳ. ನ್ಯಾಯ-ವೈಶೇಷಿಕರಿಗೆ ರೂಪವೆಂಬುದು ಗುಣ. ಅದು ದ್ರವ್ಯವನ್ನು ಬಿಟ್ಟಿರದು. ಹಸಿ ಮಡಕೆ ಆವಿಗೆಯಲ್ಲಿ ಕೆಂಪಾದಾಗ ಬಣ್ಣ ಬದಲಾದದ್ದು ಬಿಡಿ ಪರಮಾಣುಗಳಲ್ಲಿ ಎಂದು ವೈಶೇಷಿಕರೂ, ಇಡೀ ಮಡಕೆಯಲ್ಲೇ ಎಂದು ನೈಯಾಯಿಕರೂ ವಾದಿಸಿದರು.

ಪ್ಲಾಸ್ಟಿಕ್ಕಿನ ಕಥೆ ಬೇರೆ. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿನ ಮೂಲಕ ತಳ್ಳುವ ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಕರಗುವುದು ಪಾಲಿಮರ್ ಮಾತ್ರ. ಪುಡಿ ಕರಗದೆ ಹರಡುತ್ತದೆ. ನೀರಿನ ಪೈಪನ್ನೇ ನೋಡಿ: ಅಬುಧಾಬಿಯ ರುವೈಸ್‌ನಲ್ಲಿ ಬೊರೂಜ್ ಕಂಪನಿ ಪೈಪುಗಳಿಗೆಂದು ಪಾಲಿಎಥಿಲೀನ್ ತಯಾರಿಸುತ್ತದೆ. ಕಪ್ಪು ನೀರಿನ ಪೈಪಿನಲ್ಲಿ ಕಾರ್ಬನ್ ಬ್ಲ್ಯಾಕ್ ಸಾಮಾನ್ಯವಾಗಿ ತೂಕದ ಶೇ. 2ರಿಂದ 2.5ರಷ್ಟಿರುತ್ತದೆ. ಮರುಭೂಮಿಯ ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದು ಇಷ್ಟೇ ಪುಡಿ. ಆದರೆ ಅದು ಸಮನಾಗಿ ಹರಡಿರಬೇಕು. ಪೈಪಿನಿಂದ ಕೂದಲಿಗಿಂತಲೂ ತೆಳ್ಳಗೆ ಕೊಯ್ದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಸರಿಯಾಗಿ ಬೆರೆಯದ ಕಡೆ ಕಪ್ಪು ಗಂಟುಗಳೂ ತಿಳಿ ಪಟ್ಟೆಗಳೂ ಕಾಣುತ್ತವೆ.

ಬೆರೆಸುವಾಗ ಬಿಡಿ ಪುಡಿ ಹಾರುತ್ತದೆ, ಕೆಲಸಗಾರನ ಉಸಿರಿಗೆ ಸೇರುತ್ತದೆ, ಪಕ್ಕದ ಯಂತ್ರದ ಬಿಳಿ ಮಾಲನ್ನು ಕೆಡಿಸುತ್ತದೆ. ಆದ್ದರಿಂದ ಅದನ್ನು ಮೊದಲೇ ರಾಳದಲ್ಲಿ ಗಾಢವಾಗಿ ಬೆರೆಸಿ ಮಾಸ್ಟರ್‌ಬ್ಯಾಚ್ ಎಂಬ ಹರಳು ಮಾಡುತ್ತಾರೆ. ಹರಳು ಧೂಳೆಬ್ಬಿಸದು, ಅಳತೆಗೂ ಸುಲಭ.

ಕಣ್ಣಿಗೆ ಪೈಪು ಒಂದೇ ಕಪ್ಪು ವಸ್ತು; ಸೂಕ್ಷ್ಮದರ್ಶಕಕ್ಕೆ ಅದು ಎರಡು ವಸ್ತುಗಳ ಸಂಯೋಗ. ಬಿಡಿಭಾಗಗಳ ಆಚೆ ಇಡಿಯೆಂಬುದೇ ಇಲ್ಲವೆಂದು ನೈಯಾಯಿಕರನ್ನು ಕೆಣಕಿದ ಬೌದ್ಧರ ಕಡೆಗೇ, ಕಪ್ಪು ಪೈಪಿನ ಮಟ್ಟಿಗಾದರೂ, ತಕ್ಕಡಿ ವಾಲುತ್ತದೆ.